ಫ್ರಾಂಚೈಸಿ ನವೀಕರಣ: ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಮುನ್ನ

ಅಮೆರಿಕದಲ್ಲಿ ಮೋಟೆಲನ್ನೋ ಸ್ಯಾಂಡ್‌ವಿಚ್ ಅಂಗಡಿಯನ್ನೋ ಫ್ರಾಂಚೈಸಿಯಾಗಿ, ಅಂದರೆ ಕಂಪನಿಯೊಂದರ ಹೆಸರಿನಡಿ, ನಡೆಸುವವರು ಕರಾರು ಮುಗಿಯುತ್ತ ಬಂದಾಗ ಕಂಪನಿಗೆ ಕೊಡುವ ರಾಯಲ್ಟಿ ಎಷ್ಟು ಏರಿತು, ರಿಪೇರಿಗೆ ಎಷ್ಟು ಬೇಕು ಎಂದು ತಲೆಕೆಡಿಸಿಕೊಳ್ಳುತ್ತಾರೆ. ನವೀಕರಣದ ಕಾಗದಗಳ ಕೊನೆಯಲ್ಲಿರುವ, ಕಂಪನಿಯ ಮೇಲೆ ದಾವೆ ಹೂಡುವ ಹಕ್ಕು ಬಿಟ್ಟುಕೊಡುವ ‘ಹಕ್ಕುಬಿಡುಗಡೆ’ ಪತ್ರಕ್ಕೆ ಮಾತ್ರ ಓದದೇ ಸಹಿ ಹಾಕುತ್ತಾರೆ. ಕಂಪನಿಯ ಮೇಲಿನ ಹಳೆಯ ತಕರಾರುಗಳು ಹೆಚ್ಚಾಗಿ ಅಲ್ಲಿಗೇ ಮುಗಿಯುತ್ತವೆ.

ಮೊದಲು ಈ ಪತ್ರ ಕೇಳುವ ಷರತ್ತು ಎಲ್ಲಿದೆ ನೋಡಿ. ಫ್ರಾಂಚೈಸಿಯ ವಿವರ ತಿಳಿಸಲು ಕಂಪನಿ ಕೊಡುವ ಎಫ್‌ಡಿಡಿ ದಾಖಲೆಯ 23 ವಿಭಾಗಗಳಲ್ಲಿ 17ನೆಯದರ ‘ಸಿ’ ಸಾಲಿನಲ್ಲಿ ನವೀಕರಣದ ಷರತ್ತು, ‘ಎಂ’ ಸಾಲಿನಲ್ಲಿ ಅಂಗಡಿ ಮಾರುವಾಗಿನ ಷರತ್ತು ಇರುತ್ತದೆ. ಹೊಸಬರಿಗೆ ಸಹಿಗೆ 14 ದಿನ ಮೊದಲೇ ಈ ದಾಖಲೆ ಕೊಡಬೇಕು. ವಹಿವಾಟು ನಿಲ್ಲದೆ, ಷರತ್ತುಗಳು ಹೆಚ್ಚು ಬದಲಾಗದೆ ನವೀಕರಿಸುವವರಿಗೆ ಫೆಡರಲ್ ನಿಯಮದಂತೆ ಕೊಡಲೇಬೇಕೆಂದಿಲ್ಲ, ಕೇಳಿ ತರಿಸಿಕೊಳ್ಳಿ.

ಆಮೇಲೆ ಬಾಕಿ ತಕರಾರುಗಳ ಪಟ್ಟಿ ಮಾಡಿ: ಜಾಹೀರಾತು ನಿಧಿಯ ಲೆಕ್ಕ, ಬರಬೇಕಾದ ರಿಬೇಟು, ನಿಮ್ಮ ವಲಯದೊಳಗೆ ತೆರೆದ ಇನ್ನೊಂದು ಅಂಗಡಿ.

ಎಡವುವುದು ಪತ್ರ ಓದುವ ಹಂತದಲ್ಲಿ. ಪೆನ್ಸಿಲ್ ಹಿಡಿದೇ ಓದಿ. ಬಿಟ್ಟುಕೊಡುವವರು ಯಾರು? ನಿಮ್ಮ ಎಲ್‌ಎಲ್‌ಸಿ (ನಿಮ್ಮ ವ್ಯಾಪಾರದ ಸೀಮಿತ ಹೊಣೆಗಾರಿಕೆ ಸಂಸ್ಥೆ) ಮಾತ್ರವೇ, ಜಾಮೀನು ನಿಂತ ಗಂಡ ಅಥವಾ ಹೆಂಡತಿಯೂ ಸೇರಿದ್ದಾರೆಯೇ? ನಿಮಗೆ ಇನ್ನೊಂದು ಅಂಗಡಿಯಿದ್ದರೆ ಅದರ ತಕರಾರೂ ಇದರಲ್ಲೇ ಹೋಗುತ್ತದೆಯೇ? ‘ಗೊತ್ತಿರುವ ಮತ್ತು ಗೊತ್ತಿಲ್ಲದ ಎಲ್ಲ ದಾವೆಗಳು’ ಎಂದಿದ್ದರೆ ಮುಂದೆ ಬಯಲಾಗುವ ಮೋಸವೂ ಅದರೊಳಗೆ ಬರಬಹುದು. ಕ್ಯಾಲಿಫೋರ್ನಿಯಾ ಸಿವಿಲ್ ಕೋಡಿನ 1542ನೇ ಸೆಕ್ಷನ್, ಗೊತ್ತಿಲ್ಲದ ದಾವೆಗಳಿಗೆ ಸಾಮಾನ್ಯ ಬಿಡುಗಡೆ ಅನ್ವಯಿಸದು ಎನ್ನುತ್ತದೆ. ಅದಕ್ಕೇ ಪತ್ರಗಳಲ್ಲಿ ‘1542ರ ರಕ್ಷಣೆ ಬೇಡ’ ಎಂಬ ಸಾಲು ತುರುಕಿರುತ್ತಾರೆ. ಆ ಸಾಲನ್ನು ಮೊದಲು ಹುಡುಕಿ. ಬಿಡುಗಡೆ ಸಹಿಯ ದಿನಕ್ಕೆ ನಿಲ್ಲಬೇಕು. ‘ಮುಂದೆ ಉದ್ಭವಿಸುವ’ ಎಂಬುದನ್ನು ಹೊಡೆದುಹಾಕಿಸಿ. ಪಟ್ಟಿಯಲ್ಲಿರುವ ಬಾಕಿ ಹಣವನ್ನು ಹೆಸರು, ಮೊತ್ತದ ಸಮೇತ ಹೊರಗಿಡಿಸಿ. ‘ಕೊಟ್ಟೇ ಕೊಡ್ತೀವಿ’ ಎಂಬ ಫೋನ್ ಮಾತಿಗೆ ಬೆಲೆಯಿಲ್ಲ. ಕಂಪನಿಯೂ ನಿಮ್ಮ ಮೇಲಿನ ದಾವೆ ಬಿಡಲಿ ಎಂದು ಕೇಳಿ. ಇಲ್ಲದಿದ್ದರೆ ನೀವು ಎಲ್ಲ ಬಿಟ್ಟ ಮೇಲೂ ಅವರು ಹಳೆಯ ರಾಯಲ್ಟಿ ಆಡಿಟ್ ತೆಗೆಯಬಹುದು. ಇಂಟರ್ನೆಟ್ಟಿನ ರೆಡಿಮೇಡ್ ‘ಪರಸ್ಪರ ಬಿಡುಗಡೆ’ ನಮೂನೆಗಳನ್ನು ನಂಬಬೇಡಿ. ಕೆಲವು ಹೆಸರಿಗಷ್ಟೇ ಪರಸ್ಪರ.

ರಾಜ್ಯದ ಕಾನೂನು ನೋಡದೆ ಸಹಿ ಬೇಡ. ಮೇರಿಲ್ಯಾಂಡ್‌ನಲ್ಲಿ ನವೀಕರಣದ ಬಿಡುಗಡೆ ಅಲ್ಲಿನ ಫ್ರಾಂಚೈಸಿ ಕಾಯ್ದೆಯಡಿಯ ಹೊಣೆಯನ್ನು ಅಳಿಸಲಾರದು. ವಾಷಿಂಗ್ಟನ್ ರಾಜ್ಯದಲ್ಲಿ, ಕರಾರು ಜಾರಿಯಾದ ಮೇಲೆ ಇಬ್ಬರೂ ಸ್ವತಂತ್ರ ವಕೀಲರನ್ನಿಟ್ಟುಕೊಂಡು ಚೌಕಾಸಿ ಮಾಡಿದ ರಾಜಿಯಾದರೆ ಮಾತ್ರ ಅಲ್ಲಿನ ಕಾಯ್ದೆಯ ಹಕ್ಕು ಬಿಟ್ಟದ್ದು ಸಿಂಧು. ವಕೀಲರು ಫ್ರಾಂಚೈಸಿ ಬಲ್ಲವರೇ ಆಗಿರಲಿ, ಮನೆ ರಿಜಿಸ್ಟ್ರಿ ಮಾಡಿಸಿದವರು ಸಾಲದು.

ಇನ್ನೂ ಮೊದಲ ಕರಾರಿನ ಹಂತದಲ್ಲಿರುವವರಿಗೆ ಚೌಕಾಸಿಗೆ ಹೆಚ್ಚು ಅವಕಾಶವಿದೆ. ನವೀಕರಣದ ಕಲಮಿನಲ್ಲಿ ‘ಆಗ ಚಾಲ್ತಿಯಲ್ಲಿರುವ ನಮೂನೆಯ ಬಿಡುಗಡೆ’ ಎಂದಿದ್ದರೆ, ಇಂದಿನ ನಮೂನೆಯನ್ನೇ ಲಗತ್ತಿಸಿ ‘ಇದೇ’ ಎಂದು ಬರೆಸಿ. ನವೀಕರಣದ ನೋಟಿಸನ್ನು ಕರಾರಿನಲ್ಲಿ ಹೇಳಿದ ಅವಧಿ ತೆರೆದ ದಿನವೇ ಕಳಿಸಿ. ಕರಾರು ಮುಗಿಯುವ ವಾರದಲ್ಲಿ ಕೂತರೆ ಒಂದು ಪದವನ್ನೂ ಬದಲಿಸಿಕೊಡುವುದಿಲ್ಲ.