ಮಂಡಿ ನೋವಿಗೆ ಸೂಜಿ: ಗೋಣಿಕೊಪ್ಪಲಿನಲ್ಲಿ ನನ್ನ ಅನುಭವ

ನಾನು ಓದಿದ್ದು ಬಿಎನ್‌ವೈಎಸ್, ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗ. ಅಕ್ಯುಪಂಕ್ಚರ್, ಅಂದರೆ ಮೈಯ ಗೊತ್ತಾದ ಜಾಗಗಳಲ್ಲಿ ಸಣ್ಣ ಸೂಜಿ ಚುಚ್ಚುವ ಚಿಕಿತ್ಸೆ, ಅದರಲ್ಲೇ ಒಂದು ವಿಷಯ. ಈಗ ಗೋಣಿಕೊಪ್ಪಲಿನಲ್ಲಿ ಕ್ಲಿನಿಕ್ ಇಟ್ಟಿದ್ದೇನೆ. ಬರುವವರು ಜಾಸ್ತಿ ಕಾಫಿ ತೋಟದವರೇ. ಇಳಿಜಾರಿನಲ್ಲಿ ಮೂಟೆ ಹೊತ್ತು ಮಂಡಿ ಕೆಟ್ಟವರು, ಏಣಿ ಮೇಲೆ ನಿಂತು ಮೆಣಸು ಕುಯ್ದು ಭುಜ ಹಿಡಿದುಕೊಂಡವರು, ಮಳೆ ಹಿಡಿದರೆ ಸಾಕು ಸೊಂಟ ಎತ್ತಲಾಗದವರು.

ಮೊದಲು ಸೂಜಿ ತೆಗೆಯುವುದಿಲ್ಲ, ಪ್ರಶ್ನೆ ಕೇಳುತ್ತೇನೆ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವಾ, ಜ್ವರ ಇದೆಯಾ, ತೂಕ ಇಳಿದಿದೆಯಾ, ಕಾಲಿಗೆ ಬಲ ಕಮ್ಮಿಯಾಗಿದೆಯಾ, ಮೂತ್ರದ ಮೇಲೆ ಹಿಡಿತ ಹೋಗಿದೆಯಾ? ಒಂದಕ್ಕೆ ಹೌದು ಅಂದರೂ ಸೀದಾ ಆಸ್ಪತ್ರೆಗೆ ಕಳಿಸುತ್ತೇನೆ. ರಕ್ತ ತೆಳುವಾಗುವ ಮಾತ್ರೆ ನುಂಗುತ್ತೀರಾ ಅಂತಲೂ ಕೇಳುತ್ತೇನೆ.

"ಡಾಕ್ಟ್ರೇ, ಒಳಗೆ ಏನು ಔಷಧಿ ಇದೆ?" ಎಲ್ಲರೂ ಕೇಳುವ ಮಾತು ಇದು. ಏನೂ ಇಲ್ಲ ಅಕ್ಕ, ಅದರಲ್ಲಿ ತೂತೇ ಇಲ್ಲ. ಕಾಲು ಮಿಲಿಮೀಟರ್ ದಪ್ಪದ ಸ್ಟೀಲ್ ಸೂಜಿ, ಒಬ್ಬರಿಗೆ ಒಂದೇ ಸಲ ಬಳಸುವುದು. ಮಂಡಿಗಾದರೆ ಚಿಪ್ಪಿನ ಕೆಳಗೆ ಎರಡೂ ಬದಿಯ ಗುಳಿ, ಮತ್ತೆ ಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ, ಮಂಡಿ ಕೆಳಗಿನ ಉದ್ದ ಮೂಳೆಯ ಹೊರಬದಿಯ ಜಾಗ. ನಾಲ್ಕು ಬೆರಳು ಅಂದರೆ ನನ್ನದಲ್ಲ, ಅವರದೇ. ಅವರ ಕೈಯನ್ನೇ ಮಂಡಿ ಕೆಳಗೆ ಅಡ್ಡ ಇಡಿಸಿ ಅಳೆಯುತ್ತೇನೆ. ಚುಚ್ಚಿದ್ದು ಜಿಗಣೆ ಕಚ್ಚಿದಷ್ಟೂ ಗೊತ್ತಾಗಲ್ಲ, ಆಮೇಲೆ ಒಳಗೆ ಒಂದು ಥರ ಭಾರ, ಜೋಮು. ಇಪ್ಪತ್ತು ನಿಮಿಷ ಹಾಗೇ ಮಲಗಿರಬೇಕು.

ಇದರಿಂದ ಏನಾಗುತ್ತದೆ? ಕೆಲವರಿಗೆ ನೋವು ತಗ್ಗುತ್ತದೆ, ಕೆಲವರಿಗೆ ಏನೂ ಆಗಲ್ಲ. ಜರ್ಮನಿಯಲ್ಲಿ ನಡೆದ ದೊಡ್ಡ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಸೊಂಟ ನೋವಿಗೆ ಸರಿಯಾದ ಜಾಗದಲ್ಲಿ ಚುಚ್ಚಿದರೂ, ಬೇರೆಲ್ಲೋ ಮೇಲುಮೇಲೆ ಚುಚ್ಚಿದರೂ ಫಲ ಹೆಚ್ಚುಕಮ್ಮಿ ಒಂದೇ, ಆದರೆ ಎರಡೂ ಮಾಮೂಲಿ ಚಿಕಿತ್ಸೆಗಿಂತ ವಾಸಿ! ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ಬೇರೆ ಕಾಯಿಲೆ ಕಾರಣವೆಂದು ಹೇಳಲಾಗದ ಹಳೇ ನೋವಿಗೆ ಇದನ್ನು ನೋಡಬಹುದು ಅಂದಿತು, ಮರುವರ್ಷ ಮಂಡಿ ಸವೆತಕ್ಕೆ ಬೇಡ ಅಂದಿತು. ನನ್ನ ಅರ್ಧ ಕ್ಲಿನಿಕ್ಕೇ ಮಂಡಿ ಸವೆತದವರು, ಆದರೂ ಅದನ್ನು ಅವರಿಗೆ ಹೇಳುತ್ತೇನೆ. ಎಲುಬಿನ ತುದಿಯ ಸವೆದ ಮೆದು ಪದರ ಸೂಜಿಯಿಂದ ಬೆಳೆಯಲ್ಲ. ನೋವು ಸ್ವಲ್ಪ ಬಿಡುವು ಕೊಟ್ಟರೆ ಆ ಹೊತ್ತಿನಲ್ಲಿ ತೊಡೆಗೆ ಬಲ ಬರಿಸಬೇಕು, ನಾನು ಸೂಜಿ ಬಳಸುವುದೇ ಅದಕ್ಕೆ. ಕುರ್ಚಿ ಮೇಲೆ ಕೂತು ಕಾಲು ನೇರ ಮಾಡಿ ಹಿಡಿಯುವುದು, ಕೈ ಊರದೆ ಎದ್ದು ನಿಂತು ಮತ್ತೆ ಕೂರುವುದು. ಸೂಜಿಗೆ ತಪ್ಪದೆ ಬರುವವರೂ ಇದನ್ನು ಮನೆಯಲ್ಲಿ ಮಾಡಲ್ಲ, ಕುಯ್ಲು ಶುರುವಾದ ಮೇಲಂತೂ ಕೇಳುವುದೇ ಬೇಡ.

"ನ್ಯಾಚುರಲ್ ಅಲ್ವಾ, ಸೈಡ್ ಎಫೆಕ್ಟ್ ಇಲ್ಲ ಅಲ್ವಾ" ಅನ್ನುವವರಿಗೂ ಒಂದು ಮಾತು. ಚುಚ್ಚಿದಲ್ಲಿ ರಕ್ತ ಹೆಪ್ಪುಗಟ್ಟಿ ನೀಲಿಯಾಗಬಹುದು. ಭುಜದ ಮೇಲ್ಭಾಗದಲ್ಲಿ ಆಳಕ್ಕೆ ಹೋದರೆ ಶ್ವಾಸಕೋಶಕ್ಕೇ ತಾಗಬಹುದು, ಅಪರೂಪ, ಆದರೆ ಆಗಿರುವುದುಂಟು. ಅದಕ್ಕೇ ಅಲ್ಲಿ ನಾನು ಮೇಲುಮೇಲೆ, ಓರೆಯಾಗಿ ಹಾಕುತ್ತೇನೆ. ಕಲಿಯದವರ ಕೈಗೆ ಮೈ ಕೊಡಬೇಡಿ. ಖಾಲಿ ಹೊಟ್ಟೆಯಲ್ಲಿ ಬಂದರೆ ತಲೆ ಸುತ್ತುತ್ತದೆ, ಏನಾದರೂ ತಿಂದೇ ಬನ್ನಿ. ಮಂಡಿ ಮೇಲಕ್ಕೆ ಏರಿಸಲು ಆಗುವ ಬಟ್ಟೆ ಹಾಕಿಕೊಂಡು ಬನ್ನಿ, ಬಿಗಿ ಜೀನ್ಸ್ ಬೇಡ.