ಇಷ್ಟದ ಕೋಝಿ ಮಿಸ್ಟರಿ ಸರಣಿ ಮುಗಿಯಿತಾ? ಮುಂದಿನದನ್ನು ಹೀಗೆ ಹುಡುಕಿ

ಕೋಝಿ ಮಿಸ್ಟರಿ ಅಂದರೆ ರಕ್ತಪಾತ ಹೆಚ್ಚು ತೋರಿಸದ, ಹಗುರಾದ ಪತ್ತೇದಾರಿ ಕಥೆ. ಅಂಥ ಒಂದು ಸರಣಿ ಮುಗಿದ ತಕ್ಷಣ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಗೂಗಲ್‌ನಲ್ಲಿ 'ಬೆಸ್ಟ್ ಕೋಝಿ ಮಿಸ್ಟರಿ' ಅಂತ ಹೊಡೆಯುತ್ತಾರೆ, ಮೇಲೆ ಬಂದದ್ದನ್ನು ತರಿಸುತ್ತಾರೆ, ನಾಲ್ಕನೇ ಅಧ್ಯಾಯಕ್ಕೆ ಬೇಜಾರಾಗಿ ಪಕ್ಕಕ್ಕೆ ಇಡುತ್ತಾರೆ. ಪುಸ್ತಕ ಕೆಟ್ಟದ್ದು ಅಂತಲ್ಲ, ಹುಡುಕಿದ ರೀತಿ ಸರಿಯಿಲ್ಲ ಅಷ್ಟೇ. ಈ ಪುಸ್ತಕಗಳಲ್ಲಿ ಕೊಲೆ ಯಾರು ಮಾಡಿದರು ಅನ್ನುವುದು ಕಥೆಯನ್ನು ಓಡಿಸುತ್ತದೆ, ನಿಜ. ಆದರೆ ನಮ್ಮನ್ನು ಆರನೇ, ಏಳನೇ ಪುಸ್ತಕದವರೆಗೂ ಕರೆದುಕೊಂಡು ಹೋಗುವುದು ಆ ಊರು, ಆ ಜನ, ಅವರ ದಿನನಿತ್ಯದ ಕೆಲಸ. ಹುಡುಕುವಾಗಲೂ ಅದನ್ನೇ ಹಿಡಿದುಕೊಳ್ಳಿ.

ಮೊದಲು ಒಂದು ಚೀಟಿಯಲ್ಲಿ ಬರೆಯಿರಿ: ಕೊನೆಗೆ ಓದಿದ ಸರಣಿಯಲ್ಲಿ ನಿಮಗೆ ಈಗಲೂ ನೆನಪಿರುವುದು ಏನು? ಕೊಲೆಗಾರನ ಹೆಸರು ಬೇಡ, ಅದು ಹೇಗೂ ಮರೆತುಹೋಗಿರುತ್ತದೆ. ಅಡುಗೆಮನೆಯಾ, ಪಕ್ಕದ ಮನೆಯ ಆಂಟಿಯಾ, ಮಳೆ ಬರುವ ಹಳ್ಳಿಯಾ, ನಾಯಕಿಯ ಬಾಯಿಯಾ?

ಮಿಸ್ ಮಾರ್ಪಲ್ ಇಷ್ಟ ಅಂದುಕೊಳ್ಳಿ. ಅಗಾಥಾ ಕ್ರಿಸ್ಟಿ ಆ ಪತ್ತೇದಾರಿ ಅಜ್ಜಿಯನ್ನಿಟ್ಟು ಬರೆದ ಮೊದಲ ಕಾದಂಬರಿ ಬಂದದ್ದು 1930ರಲ್ಲಿ, ಅವಳದ್ದು ಒಟ್ಟು 12 ಕಾದಂಬರಿಗಳು, ಅಂದರೆ ಒಂದು ದಿನ ಮುಗಿದೇ ಮುಗಿಯುತ್ತವೆ. ಅವಳಲ್ಲಿ ನಿಮಗೆ ಹಿಡಿಸಿದ್ದು ವಯಸ್ಸಾದವರ ಚುರುಕು ಕಣ್ಣಾದರೆ ರಿಚರ್ಡ್ ಒಸ್ಮಾನ್ ಅವರ 'ದ ಥರ್ಸ್‌ಡೇ ಮರ್ಡರ್ ಕ್ಲಬ್' ಸರಣಿಗೆ ಹೋಗಿ. 2020ರಲ್ಲಿ ಶುರುವಾಯಿತು. ನಿವೃತ್ತರ ವಸತಿಯಲ್ಲಿರುವ ನಾಲ್ಕು ಜನ ಹಿರಿಯರು ಹಳೇ ಕೇಸುಗಳನ್ನು ಕೆದಕುತ್ತಾ ಕೂತಿರುತ್ತಾರೆ, ಅಷ್ಟರಲ್ಲಿ ಹೊಸದೇ ಒಂದು ಎದುರಾಗುತ್ತದೆ. ಜಗಳಗಂಟಿ ನಾಯಕಿ ಬೇಕಾದರೆ ಎಂ.ಸಿ. ಬೀಟನ್ ಅವರ ಅಗಾಥಾ ರೇಸಿನ್ ಇದ್ದಾಳೆ. ಲಂಡನ್ನಿನ ಕೆಲಸ ಬಿಟ್ಟು ಹಳ್ಳಿಗೆ ಬಂದವಳು ಅಂಗಡಿಯಲ್ಲಿ ಕೊಂಡ ತಿಂಡಿಯನ್ನು ತಾನೇ ಮಾಡಿದ್ದು ಅಂತ ಊರಿನ ಸ್ಪರ್ಧೆಗೆ ಇಡುತ್ತಾಳೆ, ಅದನ್ನು ತಿಂದ ತೀರ್ಪುಗಾರ ಸಾಯುತ್ತಾನೆ. ಕೊಲೆಯೇ ಬೇಡ, ಸಣ್ಣಪುಟ್ಟ ಮೋಸ, ಕಾಣೆಯಾದ ಗಂಡ, ಇಂಥದ್ದು ಸಾಕು ಅನ್ನುವವರಿಗೆ ಅಲೆಕ್ಸಾಂಡರ್ ಮೆಕಾಲ್ ಸ್ಮಿತ್ ಅವರ ಬೋಟ್ಸ್ವಾನಾ ಸರಣಿಗಿಂತ ಒಳ್ಳೆಯದನ್ನು ನಾನು ಹೇಳಲಾರೆ. ಅಪ್ಪ ಬಿಟ್ಟುಹೋದ ದನಗಳನ್ನು ಮಾರಿ ಡಿಟೆಕ್ಟಿವ್ ಆಫೀಸು ತೆರೆಯುವ ಹೆಂಗಸು ಮಾ ರಮೋಟ್ಸ್ವೆ. ಅವಳ ಸಮಾಧಾನ ಓದುವವರಿಗೂ ಬರುತ್ತದೆ.

ಬೆಂಗಳೂರಿನವರು ಹರಿಣಿ ನಾಗೇಂದ್ರ ಅವರ 'ದ ಬೆಂಗಳೂರ್ ಡಿಟೆಕ್ಟಿವ್ಸ್ ಕ್ಲಬ್' ಸರಣಿಯನ್ನು ಮಾತ್ರ ಬಿಡಲೇಬಾರದು. ಮೊದಲನೆಯದು 2022ರಲ್ಲಿ ಬಂತು. ಕಥೆ ನಡೆಯುವುದು 1921ರ ಬೆಂಗಳೂರಿನಲ್ಲಿ. ಕಾವೇರಿ ಅಂತ ಹತ್ತೊಂಬತ್ತರ ಹುಡುಗಿ, ಗಣಿತ ಅಂದರೆ ಪ್ರಾಣ, ಗಂಡ ಡಾಕ್ಟರು. ಸೆಂಚುರಿ ಕ್ಲಬ್‌ನ ಪಾರ್ಟಿಗೆ ಹೋದಾಗ ಅಲ್ಲೊಂದು ಕೊಲೆಯಾಗುತ್ತದೆ. ಆ ಕ್ಲಬ್ ಕಬ್ಬನ್ ಪಾರ್ಕ್ ಹತ್ತಿರ ಈಗಲೂ ಇದೆ, ನಾವು ದಿನಾ ಅದರ ಮುಂದೆಯೇ ಓಡಾಡುತ್ತೇವೆ ಅಲ್ವಾ! ಲೇಖಕಿ ಪರಿಸರ ವಿಜ್ಞಾನಿ, ಈ ಊರಿನ ಮರ, ಕೆರೆಗಳ ಬಗ್ಗೆ ಸಂಶೋಧನೆ ಮಾಡಿದವರು. ಅದಕ್ಕೇ ಪುಸ್ತಕದಲ್ಲಿ ಮರಗಿಡಗಳು ಸುಮ್ನೆ ಅಲಂಕಾರಕ್ಕೆ ನಿಂತಿರುವುದಿಲ್ಲ. ಇದು ಹಿಡಿಸಿತಾ? ಹಾಗಾದರೆ ಅದೇ ಕಾಲದ ಬಾಂಬೆಗೆ ಹೋಗಿ. ಸುಜಾತಾ ಮ್ಯಾಸಿ ಅವರ ಪೆರ್ವೀನ್ ಮಿಸ್ತ್ರಿ ಪಾರ್ಸಿ ವಕೀಲೆ. ಗೋಷಾದಲ್ಲಿರುವ ಹೆಂಗಸರ ಹತ್ತಿರ ಗಂಡಸರು ಹೋಗುವ ಹಾಗಿಲ್ಲ, ಇವಳು ಹೋಗಬಹುದು, ಕೇಸು ಬಿಚ್ಚಿಕೊಳ್ಳುವುದೇ ಅಲ್ಲಿಂದ. ಇನ್ನೂ ಹಗುರವಾಗಿರಲಿ ಅನ್ನುವವರಿಗೆ ವಸೀಮ್ ಖಾನ್ ಅವರ ಇನ್‌ಸ್ಪೆಕ್ಟರ್ ಚೋಪ್ರಾ: ನಿವೃತ್ತಿಯ ದಿನ ಒಂದು ಆನೆಮರಿ ಮನೆಗೆ ಬರುತ್ತದೆ. ಒಂದು ಮಾತು. ಅದೇ ಲೇಖಕರ ಪರ್ಸಿಸ್ ವಾಡಿಯಾ ಸರಣಿ ಇಷ್ಟು ಮೆತ್ತಗಿಲ್ಲ. ಲೇಖಕರ ಹೆಸರು ನೋಡಿ ಕಣ್ಣು ಮುಚ್ಚಿ ತಗೊಳ್ಳಬೇಡಿ, ಸರಣಿ ಯಾವುದು ಅಂತ ನೋಡಿ.

ಇಂಟರ್ನೆಟ್‌ನಲ್ಲಿ ಹುಡುಕುವಾಗ 'ಕೋಝಿ' ಜೊತೆ ನಿಮ್ಮ ಚೀಟಿಯಲ್ಲಿರುವ ಪದ ಸೇರಿಸಿ. ಬೇಕರಿ, ಬೆಕ್ಕು, ಲೈಬ್ರರಿ, ತೋಟ, ಹೆಣಿಗೆ, ಏನು ಹಾಕಿದರೂ ಒಂದು ಸರಣಿ ಇರುತ್ತದೆ. 'ಸ್ಟಾಪ್, ಯು ಆರ್ ಕಿಲ್ಲಿಂಗ್ ಮಿ' ಅಂತ ಒಂದು ವೆಬ್‌ಸೈಟ್ ಇದೆ. ಪತ್ತೇದಾರರ ಕೆಲಸ ಏನು, ಕಥೆ ಯಾವ ಊರಿನದು ಅನ್ನುವುದರ ಮೇಲೆ ಅಲ್ಲಿ ಪಟ್ಟಿ ಮಾಡಿಟ್ಟಿದ್ದಾರೆ, ಪುಸ್ತಕಗಳ ಕ್ರಮ ಸಮೇತ. ಇನ್ನೊಂದು ಒಳ್ಳೆಯ ದಾರಿ ಅಗಾಥಾ ಪ್ರಶಸ್ತಿ. ಅಮೆರಿಕದ ಮ್ಯಾಲಿಸ್ ಡೊಮೆಸ್ಟಿಕ್ ಸಮ್ಮೇಳನದವರು ಈ ಬಗೆಯ ಪುಸ್ತಕಗಳಿಗೇ ಕೊಡುವ ಪ್ರಶಸ್ತಿ ಅದು. ಗೆದ್ದವರನ್ನಷ್ಟೇ ನೋಡಬೇಡಿ, 'ಮೊದಲ ಕಾದಂಬರಿ' ವಿಭಾಗಕ್ಕೆ ನಾಮನಿರ್ದೇಶನ ಆದ ಹೆಸರುಗಳನ್ನೂ ನೋಡಿ, ಯಾಕೆಂದರೆ ಅಲ್ಲಿರುವ ಎಷ್ಟೋ ಪುಸ್ತಕಗಳು ಸರಣಿಯ ಮೊದಲನೆಯವು. ಗುಡ್‌ರೀಡ್ಸ್‌ನಲ್ಲಿ ಓದುಗರು ಪುಸ್ತಕಗಳಿಗೆ ಕೊಟ್ಟ ಸ್ಟಾರ್ ಎಣಿಸುವುದು ಬಿಟ್ಟು ಮೂರು ಸ್ಟಾರ್ ಕೊಟ್ಟವರ ಅಭಿಪ್ರಾಯ ಓದಿ. 'ತುಂಬಾ ನಿಧಾನ, ಊಟದ ವರ್ಣನೆ ಜಾಸ್ತಿ' ಅಂತ ಯಾರೋ ಬೈದಿದ್ದರೆ ಅದು ನಿಮಗೆ ಬೇಕಾದ ಪುಸ್ತಕವೇ ಇರಬಹುದು.

ಆದರೂ ಕೈಯಲ್ಲಿ ಹಿಡಿದು ನೋಡುವುದಕ್ಕೆ ಸಮ ಇಲ್ಲ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ ಬ್ಲಾಸಮ್, ಬುಕ್‌ವರ್ಮ್ ಅನ್ನುವ ಎರಡು ಪುಸ್ತಕದಂಗಡಿಗಳಿವೆ, ಹೊಸದೂ ಹಳೆಯದೂ ಸಿಗುತ್ತದೆ. ಕ್ರೈಮ್ ಕಪಾಟಿನ ಮುಂದೆ ನಿಂತು ಬಣ್ಣದ ಚಿತ್ರ ಇರುವ ಮುಖಪುಟಗಳನ್ನು ಎಳೆಯಿರಿ. ಕಪ್ಪು ಹಿನ್ನೆಲೆ, ರಕ್ತದ ಕಲೆ, ಬೆನ್ನು ತಿರುಗಿಸಿ ನಡೆಯುವ ಹೆಂಗಸು ಇದ್ದರೆ ಅದು ಸಾಮಾನ್ಯವಾಗಿ ಬೇರೆ ಜಾತಿಯದು, ವಾಪಸ್ ಇಡಿ. ಆಮೇಲೆ ಮೊದಲ ಪುಟಗಳನ್ನು ತೆಗೆದು ಅದೇ ಸರಣಿಯ ಬೇರೆ ಪುಸ್ತಕಗಳ ಪಟ್ಟಿ ನೋಡಿ, ಕೈಯಲ್ಲಿರುವುದು ಎಷ್ಟನೆಯದು ಅಂತ ಗೊತ್ತಾಗುತ್ತದೆ. ಕೊನೆಯ ಪುಟಗಳನ್ನೂ ತಿರುವಿ. ಅಲ್ಲಿ ಅಡುಗೆಯ ವಿಧಾನ ಕೊಟ್ಟಿದ್ದರೆ ಕಥೆಯಲ್ಲೂ ಊಟಕ್ಕೆ ಜಾಗ ಇದೆ ಅಂತಲೇ ಲೆಕ್ಕ. ಕೊನೆಗೆ ನಡುವಿನ ಯಾವುದಾದರೂ ಪುಟದಲ್ಲಿ ಇಬ್ಬರು ಮಾತಾಡುವ ಜಾಗ ಹುಡುಕಿ ಅಲ್ಲೇ ನಿಂತು ಓದಿ. ಆ ಇಬ್ಬರ ಜೊತೆ ಇನ್ನೂ ಸ್ವಲ್ಪ ಹೊತ್ತು ಇರಬೇಕು ಅನ್ನಿಸಿದರೆ ತಗೊಳ್ಳಿ. ಮುಖಪುಟಕ್ಕಿಂತ, ಹಿಂಬದಿಯ ಹೊಗಳಿಕೆಗಿಂತ ನಾನು ನಂಬುವುದು ಇದೊಂದನ್ನೇ.

ಕಬ್ಬನ್ ಪಾರ್ಕ್‌ನಲ್ಲಿ ಶನಿವಾರ ಬೆಳಿಗ್ಗೆ ಜನ ಸೇರಿ ಮೌನವಾಗಿ ಓದುತ್ತಾರಲ್ಲ, ಕಬ್ಬನ್ ರೀಡ್ಸ್, ಅಲ್ಲಿಗೂ ಹೋಗಿ. ಪಕ್ಕದವರ ಕೈಯಲ್ಲಿ ಏನಿದೆ ಅಂತ ನೋಡಿಟ್ಟುಕೊಳ್ಳಿ, ಓದು ಮುಗಿದ ಮೇಲೆ ಕೇಳಿ.

ಕ್ರಮದ ಬಗ್ಗೆ ತುಂಬಾ ತಲೆ ಕೆಡಿಸಿಕೊಳ್ಳಬೇಡಿ. ಒಸ್ಮಾನ್, ಮ್ಯಾಸಿ ಮೊದಲಿನಿಂದಲೇ ಓದಬೇಕು, ಅಲ್ಲಿ ಪಾತ್ರಗಳ ಬದುಕು ಪುಸ್ತಕದಿಂದ ಪುಸ್ತಕಕ್ಕೆ ಮುಂದೆ ಹೋಗುತ್ತದೆ. ಮಾರ್ಪಲ್ ಎಲ್ಲಿಂದ ಬೇಕಾದರೂ ಆಗುತ್ತದೆ. ಹೊಸ ಸರಣಿಯ ಮೊದಲ ಪುಸ್ತಕ ಸಪ್ಪೆ ಅನ್ನಿಸಿದರೂ ಜನ ಹಿಡಿಸಿದ್ದರೆ ಎರಡನೆಯದಕ್ಕೆ ಅವಕಾಶ ಕೊಡಿ. ಮೊದಲನೆಯದರಲ್ಲಿ ಎಲ್ಲರನ್ನೂ ಪರಿಚಯ ಮಾಡಿಕೊಡುವುದರಲ್ಲೇ ಅರ್ಧ ಪುಸ್ತಕ ಹೋಗಿರುತ್ತದೆ. ಜನವೇ ಹಿಡಿಸಲಿಲ್ಲವಾ, ಅಲ್ಲಿಗೇ ಬಿಡಿ. ದುಡ್ಡು ಕೊಡುವ ಮುಂಚೆ ಕಿಂಡಲ್‌ನಲ್ಲಿ ಉಚಿತ ಸ್ಯಾಂಪಲ್ ಇಳಿಸಿಕೊಂಡರೆ ಇಷ್ಟು ಗೊತ್ತಾಗಿಬಿಡುತ್ತದೆ.

ಕನ್ನಡದಲ್ಲೇ ಬೇಕು ಅನ್ನುವವರು ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಎನ್. ನರಸಿಂಹಯ್ಯನವರ ಹೆಸರು ಹೇಳಿ ಕೇಳಿ. ನೂರಾರು ಪತ್ತೇದಾರಿ ಕಾದಂಬರಿ ಬರೆದವರು. ಅವರ ಪತ್ತೇದಾರ ಪುರುಷೋತ್ತಮನ ಓಟ ಕೋಝಿಗಿಂತ ಜೋರು, ಆದರೆ ಒಬ್ಬನೇ ಪತ್ತೇದಾರನ ಹಿಂದೆ ಪುಸ್ತಕದಿಂದ ಪುಸ್ತಕಕ್ಕೆ ಹೋಗುವ ಸುಖ ಅಲ್ಲೂ ಇದೆ. ಹಳೇ ಪ್ರತಿ ಕಣ್ಣಿಗೆ ಬಿದ್ದರೆ ಆಗಲೇ ತಗೊಂಡುಬಿಡಿ, ಮುಂದಿನ ವಾರ ಅದು ಅಲ್ಲೇ ಇರುತ್ತದೆ ಅನ್ನುವ ಖಾತ್ರಿ ಇಲ್ಲ.