ಹರಳಿನ ಕೆಳಗಿನ ಅರ್ಧ ಮಿಲಿಮೀಟರ್

ಚೊಕ್ರಾಲ್ಸ್ಕಿ ವಿಧಾನದಲ್ಲಿ ಸಿಲಿಕಾನ್ ಹರಳು ಬೆಳೆಯುವಾಗ ಕರಗಿದ ದ್ರವ ಹೇಗೆ ಹರಿಯುತ್ತದೆ ಅಂತ ಕಂಪ್ಯೂಟರ್‌ನಲ್ಲಿ ಮಾಡೆಲ್ ಮಾಡಲು ಹೊರಟಿದ್ದೆ. ಜಾಸ್ತಿ ಕಾಡಿಸಿದ್ದು ಅರ್ಧ ಮಿಲಿಮೀಟರ್ ಜಾಗ.

ಸಿಲಿಕಾ ಮೂಸೆಯಲ್ಲಿ ಸಿಲಿಕಾನ್ 1414 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಬೀಜದ ಹರಳನ್ನು ತಾಗಿಸಿ, ತಿರುಗಿಸುತ್ತಾ ನಿಧಾನವಾಗಿ ಮೇಲೆಳೆಯುತ್ತಾರೆ. ಬಿಸಿ ಗೋಡೆಯ ಪಕ್ಕ ದ್ರವ ಮೇಲೇರಿ, ಮೇಲ್ಮೈಯಲ್ಲಿ ಒಳಗೆ ಸರಿದು, ನಡುವೆ ಇಳಿಯುತ್ತದೆ. ತಿರುಗುವ ಹರಳು ಇದಕ್ಕೆ ತದ್ವಿರುದ್ಧ. ಕೆಳಗಿನ ದ್ರವವನ್ನು ಮೇಲೆ ಸೆಳೆದು ಅಂಚಿನತ್ತ ಎಸೆಯುತ್ತದೆ. ಇಬ್ಬರ ಜಗ್ಗಾಟ ಎಲ್ಲಿ ನಿಲ್ಲುತ್ತದೆ ಅನ್ನುವುದೇ ನನ್ನ ಪ್ರಶ್ನೆ.

ಸುತ್ತಲೂ ಒಂದೇ ಥರ ಇರುತ್ತದೆಂದು ಮೂಸೆಯ ಒಂದು ಸೀಳನ್ನಷ್ಟೇ ತೆಗೆದುಕೊಂಡೆ. ಹಾಗೆ ಮಾಡಿದರೂ ಸುತ್ತುವ ವೇಗದ ಸಮೀಕರಣ ಬಿಡುವಂತಿಲ್ಲ. ಗ್ರಿಡ್, ಅಂದರೆ ಲೆಕ್ಕಕ್ಕಾಗಿ ದ್ರವವನ್ನು ಪುಟ್ಟ ಕೋಶಗಳಾಗಿ ಹಂಚುವ ಬಲೆ, ಅದನ್ನು ಮಾತ್ರ ಸುಮ್ನೆ ಎಲ್ಲ ಕಡೆ 2 ಮಿಲಿಮೀಟರ್ ಹಾಕಿದೆ. ಹರಳನ್ನು ನಿಮಿಷಕ್ಕೆ 5 ಸುತ್ತಿನಿಂದ 10ಕ್ಕೆ ಏರಿಸಿದರೂ ಹರಿವು ಅಲುಗಲಿಲ್ಲ. ಎರಡು ವಾರ ಕೋಡಿನಲ್ಲೇ ತಪ್ಪು ಹುಡುಕಿದೆ.

ಆಮೇಲೆ ಪೆನ್ನು ಹಿಡಿದೆ. ಕರಗಿದ ಸಿಲಿಕಾನ್‌ನ ಸ್ನಿಗ್ಧತೆಯನ್ನು ಸಾಂದ್ರತೆಯಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 0.0000003 ಚದರ ಮೀಟರ್. ನೀರಿನದರ ಮೂರನೇ ಒಂದು ಪಾಲು! ನಿಮಿಷಕ್ಕೆ 10 ಸುತ್ತು ಅಂದರೆ ಸೆಕೆಂಡಿಗೆ 1.05 ರೇಡಿಯನ್. ಮೊದಲಿನದನ್ನು ಇದರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.53 ಮಿಲಿಮೀಟರ್. ಹರಳು ದ್ರವವನ್ನು ಹಿಡಿದೆಳೆಯುವ ಪದರದ ದಪ್ಪದ ಅಳತೆ ಇದು. ನನ್ನ ಒಂದು ಕೋಶದೊಳಗೆ ಅಂಥವು ನಾಲ್ಕು ಹಿಡಿಸುತ್ತಿದ್ದವು. ಕಾಣಿಸುವುದಾದರೂ ಹೇಗೆ, ಅಲ್ವಾ?

ಹರಳಿಗೆ ತಾಗಿದ ಕೋಶವನ್ನು 0.05 ಮಿಲಿಮೀಟರ್ ಮಾಡಿ, ಕೆಳಗೆ ಹೋದಂತೆ ಹತ್ತು ಹತ್ತು ಶೇಕಡಾ ಹಿಗ್ಗಿಸಿದೆ. ನೇರ 10 ಸುತ್ತಿಗೆ ಹೋದರೆ ಲೆಕ್ಕ ಸಿಡಿಯುತ್ತಿತ್ತು. 1ರಿಂದ ಶುರುಮಾಡಿ, ಹಿಂದಿನ ಉತ್ತರವನ್ನೇ ಮುಂದಿನದಕ್ಕೆ ಆರಂಭವಾಗಿ ಕೊಟ್ಟೆ. ಇಂಥ ಮಾಡೆಲ್‌ಗಳನ್ನು ಪರೀಕ್ಷಿಸಲೆಂದೇ ವೀಲರ್ ಎಂಬ ಸಂಶೋಧಕ 1990ರಲ್ಲಿ ಕೊಟ್ಟ ಲೆಕ್ಕಗಳ ಜೊತೆ ತಾಳೆ ನೋಡಿದೆ. ಇದನ್ನು ಮೊದಲೇ ಮಾಡಬೇಕಿತ್ತು.

ಕಣ್ಣಾರೆ ನೋಡುವ ಆಸೆಗೆ ಗಾಜಿನ ಬೀಕರಿನ ನೀರಿನ ಮೇಲೆ ಒಂದು ತಟ್ಟೆಯನ್ನು ಪುಟ್ಟ ಮೋಟರಿನಿಂದ ತಿರುಗಿಸಿದೆ. ತಳದಲ್ಲಿ ಬಿಟ್ಟ ನೀಲಿ ಶಾಯಿ ದಾರದಂತೆ ನಡುವೆ ಮೇಲೇರಿತು. ತಟ್ಟೆಗೆ ಇನ್ನೇನು ತಾಗಬೇಕು ಅನ್ನುವಾಗ ಕೊಡೆ ಬಿಚ್ಚಿದಂತೆ ಹರಡಿತು. ಆ ಕೊಡೆಯ ಬಟ್ಟೆಯಷ್ಟೇ ತೆಳು ಪದರ ನನ್ನ ಗ್ರಿಡ್‌ನಲ್ಲಿ ಇರಲಿಲ್ಲ.

ಈಗ ಮೂಸೆಯಿಂದ ಕರಗಿ ಬರುವ ಆಮ್ಲಜನಕವನ್ನು ಸೇರಿಸುತ್ತಿದ್ದೇನೆ. ಹರಳಿನ ಕೆಳಗೆ ಅದರ ಪದರ ಇನ್ನೂ ತೆಳು. ಗ್ರಿಡ್ ಮತ್ತೆ ಬಿಚ್ಚಿ ಕೂತಿದ್ದೇನೆ.